ಬೂಷ್ಟು ಹಿಡಿದ ಆಕಾಶ: ಒಂದು ಕ್ಯಾನ್ವಾಸಿನ ಪ್ರಕರಣ

ಆಶ್ಲೇಷ ಮಳೆ ಹಿಡಿದು ನಾಲ್ಕನೇ ದಿನ. ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇ ಮಾಲೀಕರು. "ಮೇಷ್ಟ್ರೇ, ನಿಮ್ಮ ಚಿತ್ರದ ಮೇಲೆ ಏನೋ ಬೆಳ್ಳಗೆ ಬಂದಿದೆ. ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತಾ?" ಎಂದು ಕೇಳಿದರು. "ಒರೆಸಬೇಡಿ ಗೌಡ್ರೇ, ಮುಟ್ಟಲೇಬೇಡಿ. ನಾನು ಈಗಲೇ ಹೊರಟೆ" ಎಂದೆ. ಅಷ್ಟು ಹೇಳುವಾಗಲೇ ನನಗೆ ಗೊತ್ತಾಗಿತ್ತು, ಅದು ಬೂಷ್ಟು.

ನಾನು ಚಿಕ್ಕಮಗಳೂರಿನಲ್ಲಿ ಚಿತ್ರ ಬರೆಯುತ್ತೇನೆ. ಬಹಳ ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟಿದ್ದರಿಂದ ಎಲ್ಲರಿಗೂ ಮೇಷ್ಟ್ರು. ಮನೆಯ ಹಿಂದೆ, ಬಚ್ಚಲಿಗೆ ಅಂಟಿಕೊಂಡಂತೆ ಒಂದು ಹೆಂಚಿನ ಕೋಣೆ ಇದೆ. ಮೊದಲು ಅದು ಕಾಫಿ ಮೂಟೆ ಇಡುವ ಜಾಗವಾಗಿತ್ತು. ಈಗ ಅದೇ ನನ್ನ ಕೆಲಸದ ಕೋಣೆ. ಉತ್ತರಕ್ಕೆ ಒಂದು ಕಿಟಕಿ, ನೆಲಕ್ಕೆ ಸಿಮೆಂಟು, ಮೂಲೆಯಲ್ಲಿ ಇಂದಿಗೂ ಕಾಫಿ ಸಿಪ್ಪೆಯ ವಾಸನೆ.

ಕೆಟ್ಟುಹೋದ ಚಿತ್ರ ಐದು ಅಡಿ ಅಗಲ, ನಾಲ್ಕು ಅಡಿ ಎತ್ತರದ ಎಣ್ಣೆಬಣ್ಣದ ಕೆಲಸ. ಮುಳ್ಳಯ್ಯನಗಿರಿ ದಾರಿಯಲ್ಲಿ ಸಿಗುವ ಕೈಮರ ಎಂಬ ಜಾಗದ ಹತ್ತಿರ ನಿಂತರೆ ಕಾಣುವ ಗಿರಿಸಾಲು. ಮೂರರಲ್ಲಿ ಎರಡು ಪಾಲು ಬರೀ ಆಕಾಶ. ಮಳೆ ಬರುವ ಮೊದಲಿನ ಆ ಬೂದಿ ಬೆಳಕು ಇದೆಯಲ್ಲ, ಅದನ್ನು ಹಿಡಿಯಬೇಕು ಎಂದು ಮೇ ಕೊನೆಯಲ್ಲಿ ಶುರು ಮಾಡಿದ್ದೆ. ಜೂನ್ ಪೂರ್ತಿ ಅದರ ಮುಂದೆಯೇ ಇದ್ದೆ. ಪುನರ್ವಸು ಮಳೆಯ ಶುರುವಿನಲ್ಲಿ ಜೀಪಿನಲ್ಲಿ ಸಾಗಿಸಿ ಅವರ ಊಟದ ಹಾಲಿನಲ್ಲಿ ತೂಗುಹಾಕಿ ಬಂದೆ. ಒಂದು ತಿಂಗಳಿಗೆ ಈ ಫೋನ್.

ಹೋಗಿ ನೋಡಿದಾಗ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಚಿತ್ರದ ಕೆಳಭಾಗದಲ್ಲಿ ಕಾಡು ಇತ್ತು, ಗಾಢ ಕಪ್ಪು ಹಸಿರು. ಅದರ ಮೇಲೆ ಹಿಟ್ಟು ಜರಡಿ ಹಿಡಿದಂತೆ ತೆಳ್ಳಗೆ ಬಿಳಿ. ಬೆಟ್ಟದ ಅಂಚಿಗೆ ಎಳೆದಿದ್ದ ಕಡುಗೆಂಪು ಗೆರೆಗೆ ಬೆರಳಿಟ್ಟರೆ ಇನ್ನೂ ಅಂಟುತ್ತಿತ್ತು. ಆಕಾಶದ ಎಡಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ತಳಸಮೇತ ಎದ್ದು, ಒಣಗಿದ ಕೆಸರಿನ ಚಕ್ಕೆಯಂತೆ ಅಂಚು ಮೇಲಕ್ಕೆ ಮಡಚಿಕೊಂಡಿತ್ತು. ಬಲಗಡೆಯ ಮೇಲ್ಮೂಲೆ ಗೋಡೆ ಬಿಟ್ಟು ಎರಡು ಬೆರಳು ಮುಂದೆ ಬಂದಿತ್ತು. ಅಂದರೆ ಚೌಕಟ್ಟು ತಿರುಚಿದೆ.

ಇಬ್ಬರು ಹಿಡಿದು ಇಳಿಸಿ ಹಿಂಬದಿ ತಿರುಗಿಸಿದೆವು. ಅಲ್ಲಿತ್ತು ನಿಜವಾದ ಕಥೆ. ಬಟ್ಟೆಯ ಮೇಲೆ ಬೂದಿ ಹಸಿರು ಬಣ್ಣದ ದುಂಡು ದುಂಡು ಕಲೆ, ಕೆಲವು ಅಂಗೈಯಷ್ಟು ದೊಡ್ಡವು. ಕೆಳಗಿನ ಪಟ್ಟಿಗೂ ಬಟ್ಟೆಗೂ ನಡುವೆ ಗಾಳಿಯಾಡದ ಸಂದಿನಲ್ಲಿ ಜಾಸ್ತಿ. ಮೊಳೆ ಹೊಡೆದಲ್ಲೆಲ್ಲ ತುಕ್ಕಿನ ಕಂದು ವೃತ್ತ. ಗೋಡೆ ಮುಟ್ಟಿ ನೋಡಿದೆ. ತಣ್ಣಗೆ, ಜಿಬಿಜಿಬಿ. ಪಡುವಣ ಗೋಡೆ ಅದು, ಹೊರಗಿನಿಂದ ಎರಚಲು ನೇರವಾಗಿ ಬಡಿಯುತ್ತದೆ. ತೂಗುಹಾಕುವ ದಿನ ಆ ಗೋಡೆಯನ್ನು ನಾನು ಅಂಗೈಯಿಂದ ಮುಟ್ಟಿ ನೋಡಿರಲಿಲ್ಲ. ಬೆಳಕು ಚೆನ್ನಾಗಿ ಬೀಳುತ್ತದೆ ಎಂದಷ್ಟೇ ನೋಡಿದ್ದೆ.

ಗೌಡರು ಸಿಟ್ಟು ಮಾಡಲಿಲ್ಲ. ಕಾಫಿ ಕೊಟ್ಟು ಒಂದೇ ಮಾತು ಹೇಳಿದರು. "ಪಾರ್ಚ್‌ಮೆಂಟನ್ನ ಹತ್ತು ಪರ್ಸೆಂಟ್ ತೇವಕ್ಕೆ ತರ್ದೆ ನಾವು ಮೂಟೆ ಹೊಲಿಯಲ್ಲ ಮೇಷ್ಟ್ರೇ. ನೀವು ಹಸಿ ಚಿತ್ರಾನೇ ಕೊಟ್ಟುಬಿಟ್ರಾ?" ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ತಿರುಳು ಕಳೆದು, ಒಳಸಿಪ್ಪೆ ಇನ್ನೂ ಉಳಿದ ಕಾಫಿ ಬೀಜ. ಆ ಮಾತು ನನ್ನನ್ನು ಇಡೀ ದಾರಿ ಕಾಡಿತು. ಬಾಲೆಹೊನ್ನೂರಿನಲ್ಲಿ ಕಾಫಿಗೆಂದೇ 1925ರಿಂದ ಸಂಶೋಧನಾ ಕೇಂದ್ರ ಇರುವ ಜಿಲ್ಲೆ ನಮ್ಮದು. ಬೀಜದ ತೇವ ಅಳೆಯುವ ಮೀಟರ್ ಇಲ್ಲದ ತೋಟವೇ ಅಪರೂಪ. ನಾನು ಅದೇ ಗಾಳಿಯಲ್ಲಿ ಕೂತು, ಒಂದು ದಿನವೂ ಕೋಣೆಯ ತೇವ ಅಳೆಯದೆ, ಬೇರೆ ದೇಶದ ಹವೆಗೆ ಹುಟ್ಟಿದ ಪಾಕದಲ್ಲಿ ಚಿತ್ರ ಮಾಡುತ್ತಿದ್ದೆ.

ಮೊದಲು ಚಿತ್ರ ಉಳಿಸುವ ಕೆಲಸ

ಪ್ಲಾಸ್ಟಿಕ್ ಸುತ್ತಬೇಡಿ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಮಾಡುವುದು ಅದನ್ನೇ. ತೇವ ಒಳಗೇ ಉಳಿದು ಬೂಷ್ಟು ಇನ್ನೂ ಹಬ್ಬುತ್ತದೆ. ನಾನು ಹಳೇ ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿ, ಜೀಪಿಗೆ ಟಾರ್ಪಲ್ ಕಟ್ಟಿಸಿಕೊಂಡು ತಂದೆ.

ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ಅದು ಬಟ್ಟೆಯ ನೂಲಿಗೆ ಇಳಿದು ಕಲೆ ಕೂರುತ್ತದೆ. ಮೊದಲು ಒಣಗಿಸಬೇಕು. ಹಂಡೆ ಒಲೆಯ ಗೋಡೆ ಬೆಚ್ಚಗಿರುತ್ತದಲ್ಲ, ಅದರಿಂದ ಆರು ಅಡಿ ದೂರದಲ್ಲಿ ಚಿತ್ರವನ್ನು ಎರಡೂ ಕಡೆ ಗಾಳಿ ಆಡುವಂತೆ ನಿಲ್ಲಿಸಿದೆ. ಫ್ಯಾನನ್ನು ಚಿತ್ರಕ್ಕಲ್ಲ, ಗೋಡೆಗೆ ತಿರುಗಿಸಿದೆ. ಒಂಬತ್ತು ದಿನ ಹಿಡಿಯಿತು. ಬೂಷ್ಟು ಒಣಗಿ ಪುಡಿಯಾದ ಮೇಲೆ, ಮಳೆ ಸ್ವಲ್ಪ ಹೊಳವು ಕೊಟ್ಟ ಒಂದು ಮಧ್ಯಾಹ್ನ ಜಗಲಿಗೆ ತಂದೆ. ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಅಗಲ ಬ್ರಶ್ಶಿನಿಂದ ಮೇಲಿಂದ ಕೆಳಗೆ ಗುಡಿಸಿದೆ. ಕೆಳಗೆ ವ್ಯಾಕ್ಯೂಮ್ ಹಿಡಿದವಳು ಮಗಳು, ಅವಳಿಗೂ ಮಾಸ್ಕು. ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಮನೆಯೊಳಗೆ ಈ ಕೆಲಸ ಮಾಡಲೇಬಾರದು.

ಮುಂಭಾಗದ ಬಿಳಿ ಹೋಯಿತು. ವಾರ್ನಿಶ್ ಹೊಡೆದಿರಲಿಲ್ಲ, ಅದೊಂದು ಪುಣ್ಯ. ಎಣ್ಣೆಬಣ್ಣಕ್ಕೆ ಆರು ತಿಂಗಳಿಂದ ವರ್ಷ ಆದಮೇಲೆ ವಾರ್ನಿಶ್ ಎನ್ನುತ್ತಾರೆ. ನಾನು ಅದೊಂದು ವಿಷಯದಲ್ಲಿ ಆತುರ ಮಾಡಿರಲಿಲ್ಲ. ಆದರೆ ಆಕಾಶ ಉಳಿಯಲಿಲ್ಲ. ಗುಡಿಸುವಾಗಲೇ ಇನ್ನೆರಡು ಕಡೆ ಚಕ್ಕೆ ಎದ್ದಿತು. ಅದರ ಮೇಲೆ ಹೊಸ ಬಣ್ಣ ಬಳಿದು ಕೊಡಬಹುದಿತ್ತು, ಆ ದಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ. ಗೌಡರಿಗೆ ಫೋನ್ ಮಾಡಿ, ಮುಂದಿನ ಬೇಸಿಗೆಯೊಳಗೆ ಬೇರೆ ಚಿತ್ರ ಮಾಡಿಕೊಡುತ್ತೇನೆ, ದುಡ್ಡು ಬೇಡ ಎಂದೆ. ಇದು ನನ್ನದೇ ಹೊಸ ಚಿತ್ರವಾದ್ದರಿಂದ ಈ ತೀರ್ಮಾನ ಸುಲಭ. ಹಳೆಯ, ಬೆಲೆಬಾಳುವ ಚಿತ್ರವಾದರೆ ಇಷ್ಟೂ ಕೆಲಸಕ್ಕೆ ಕೈ ಹಾಕದೆ ಚಿತ್ರಸಂರಕ್ಷಣೆ ಕಲಿತವರ ಹತ್ತಿರವೇ ಒಯ್ಯಬೇಕು.

ಹಿಂಬದಿಯಿಂದ ಮುಂದಕ್ಕೆ

ಆಮೇಲೆ ಆ ಚಿತ್ರವನ್ನು ಬಿಚ್ಚಿದೆ. ನಾವು ಚಿತ್ರ ನೋಡುವುದು ಮುಂದಿನಿಂದ. ಕೆಡುವುದು ಹಿಂದಿನಿಂದ. ಹಾಗಾಗಿ ಹಿಂದಿನಿಂದಲೇ ಒಂದೊಂದು ಪದರ ನೋಡುತ್ತಾ ಬಂದೆ.

ಮೊದಲು ಮರ. ಚೌಕಟ್ಟಿಗೆ ಹಾಕಿದ್ದು ಸಿಲ್ವರ್ ಓಕ್. ನಮ್ಮಲ್ಲಿ ಕಾಫಿಗೆ ನೆರಳಿಗೆಂದು ಬೆಳೆಸುವ ಮರ, ಹಗುರ, ಕೈಗೆ ಸಿಗುತ್ತದೆ, ಬೆಲೆ ಕಡಿಮೆ. ಅದನ್ನು ಮಾಡಿಕೊಟ್ಟ ಆಚಾರ್ರು ಆವತ್ತೇ ಹೇಳಿದ್ದರು. "ಮೇಷ್ಟ್ರೇ, ಇದು ಹಸಿ ಮರ. ಒಂದು ಬೇಸಿಗೆ ಕಳೀಲಿ, ಆಮೇಲೆ ಮಾಡಣ." ನಾನು ಕೇಳಲಿಲ್ಲ. ಮುರಿದ ಚೌಕಟ್ಟನ್ನು ಹೊತ್ತುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಅವರು ಏನೂ ಅನ್ನದೆ ಒಂದು ಪಟ್ಟಿ ಎತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕಿನ ನಳಿಗೆ ನೋಡುವ ಹಾಗೆ ಉದ್ದಕ್ಕೂ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು "ನೀವೂ ನೋಡಿ" ಎಂದರು. ಪಟ್ಟಿ ಹಗ್ಗದ ಹಾಗೆ ತಿರುಚಿತ್ತು. ಈಗ ಅವರು ನನಗೆ ಹಳೇ ಮನೆ ಕೆಡವಿದಾಗ ಸಿಗುವ ಸಾಗುವಾನಿ ಕಿಟಕಿ ಚೌಕಟ್ಟಿನ ಮರದಲ್ಲೇ ಮಾಡಿಕೊಡುತ್ತಾರೆ. ಅದು ಎಷ್ಟೋ ಮಳೆಗಾಲ ಕಂಡ ಮರ, ಇನ್ನು ಅಲುಗುವುದಿಲ್ಲ. ಪಟ್ಟಿಯ ಒಳಅಂಚನ್ನು ಓರೆಯಾಗಿ ಹೆರೆಯುತ್ತಾರೆ. ಹಾಗೆ ಮಾಡಿದರೆ ಬಟ್ಟೆ ಹೊರಅಂಚಿಗೆ ಮಾತ್ರ ತಾಗುತ್ತದೆ, ಸಂದಿನಲ್ಲಿ ಗಾಳಿ ಆಡುತ್ತದೆ. ಮೂಲೆಗಳಿಗೆ ಅಂಟು ಹಾಕದೆ ಬೆಣೆ ಕೊಡುತ್ತಾರೆ. ಬಟ್ಟೆ ಸಡಿಲವಾದರೆ ಬೆಣೆ ಒಂದೊಂದೇಟು ಬಡಿದರೆ ಸಾಕು. ಮೊಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಪಿನ್ನು.

ಎರಡನೆಯದು ಬಟ್ಟೆ. ಪೇಟೆಯಲ್ಲಿ ತಂದ ದಪ್ಪ ಕೋರಾ ಹತ್ತಿಬಟ್ಟೆ. ಬಟ್ಟೆ ಒಳ್ಳೆಯದೇ. ತಪ್ಪು ನನ್ನದು, ತೊಳೆದಿರಲಿಲ್ಲ. ಮಗ್ಗದಲ್ಲಿ ಹಾಸುನೂಲು ತುಂಡಾಗದಿರಲಿ ಎಂದು ಗಂಜಿ ಹಾಕುತ್ತಾರೆ. ಆ ಗಂಜಿ ಕೋರಾ ಬಟ್ಟೆಯಲ್ಲಿ ಹಾಗೇ ಇರುತ್ತದೆ. ಬೂಷ್ಟಿಗೆ ಅದು ಊಟ. ಅದಕ್ಕೆ ಬೇಕಾದದ್ದು ತಿನ್ನಲು ಒಂದಿಷ್ಟು ಹಿಟ್ಟೋ ಅಂಟೋ, ಜೊತೆಗೆ ಶೇ. 65-70ಕ್ಕಿಂತ ಮೇಲೆ ದಿನಗಟ್ಟಲೆ ನಿಲ್ಲುವ ಗಾಳಿಯ ತೇವ. ಎರಡನ್ನೂ ನಾನೇ ಒದಗಿಸಿದ್ದೆ. ಈಗ ಬಿಸಿನೀರಲ್ಲಿ ಎರಡು ಸಲ ಕುದಿಸಿ, ನೀರು ಜಿಗುಟು ಬಿಡುವುದು ನಿಲ್ಲುವವರೆಗೂ ಹಿಂಡಿ, ಬಿಸಿಲಲ್ಲಿ ಒಣಗಿಸಿದ ಮೇಲೇ ಬಟ್ಟೆ ಕೋಣೆಗೆ ಬರುತ್ತದೆ. ಅಳತೆಗಿಂತ ಜಾಸ್ತಿ ಕೊಳ್ಳಬೇಕು, ಕುದಿಸಿದರೆ ಕುಗ್ಗುತ್ತದೆ.

ಮೂರನೆಯದು ಸರೇಸು. ಈ ಪ್ರಕರಣದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಟ್ಟೆಯ ಮೇಲೆ ನೇರವಾಗಿ ಎಣ್ಣೆಬಣ್ಣ ಹಚ್ಚಿದರೆ ಎಣ್ಣೆ ನೂಲಿಗೆ ಇಳಿದು, ವರ್ಷ ಕಳೆದಂತೆ ಬಟ್ಟೆ ಪುಡಿಪುಡಿಯಾಗುತ್ತದೆ. ಅದಕ್ಕೇ ನಡುವೆ ಒಂದು ಅಂಟಿನ ತಡೆ ಬೇಕು. ನಾನು ಕಲಿಯುವಾಗ ಹಿರಿಯರು ಹೇಳಿಕೊಟ್ಟದ್ದು ಸರೇಸು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಬಡಗಿಗಳೂ ಮೊದಲು ಅದನ್ನೇ ಬಳಸುತ್ತಿದ್ದರು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕುದಿ ಬರದಂತೆ ಕರಗಿಸಿ, ಒಂದು ಕೋಟ್ ಕೊಟ್ಟು, ಅದಕ್ಕೇ ಸೀಮೆಸುಣ್ಣದ ಪುಡಿ ಕಲಸಿ ಮೂರು ಕೋಟ್ ಹಚ್ಚುವುದು. ಒಣಗಿದ ಮೇಲೆ ಮೊಟ್ಟೆಯ ಚಿಪ್ಪಿನಂಥ ತಳ ಬರುತ್ತದೆ. ಅದರ ಮೇಲೆ ಬ್ರಶ್ ಓಡಾಡುವ ಸುಖವೇ ಬೇರೆ. ನಾನದನ್ನು ಇಂದಿಗೂ ಪ್ರೀತಿಸುತ್ತೇನೆ.

ಆದರೆ ಆ ಪಾಕ ಹಲಗೆಗೆ ಹುಟ್ಟಿದ್ದು. ಯುರೋಪಿನ ಹಳೆಯ ಚಿತ್ರಕಾರರು ಅದನ್ನು ಮರದ ಹಲಗೆಗೆ ಹಚ್ಚುತ್ತಿದ್ದರು. ಬಟ್ಟೆ ಬಾಗುತ್ತದೆ, ಸೀಮೆಸುಣ್ಣದ ಪದರ ಬಾಗುವುದಿಲ್ಲ, ಒಡೆಯುತ್ತದೆ. ಇದರ ಮೇಲೆ ಸರೇಸಿನ ಸ್ವಭಾವ ಬೇರೆ. ಅದು ಗಾಳಿಯ ತೇವ ಕುಡಿಯುತ್ತದೆ. ಒಣಹವೆಯಲ್ಲಿ ತಂತಿಯಂತೆ ಬಿಗಿಯುತ್ತದೆ, ತೇವ ಹೆಚ್ಚಾದರೆ ಮೆತ್ತಗಾಗುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಮೇರಿಯನ್ ಮೆಕ್ಲೆನ್‌ಬರ್ಗ್ ಅವರು ಚಿತ್ರಗಳ ಪದರ ಪದರವನ್ನೂ ಎಳೆದು ಅಳೆದು ಇದನ್ನು ತೋರಿಸಿದ್ದಾರೆ. ತೇವ ಶೇ. 80-85 ದಾಟಿತೆಂದರೆ ಸರೇಸು ಹಿಡಿತ ಬಿಡುತ್ತದೆ, ಅದೇ ಹೊತ್ತಿಗೆ ನೂಲು ನೀರು ಕುಡಿದು ಉಬ್ಬಿ ಬಟ್ಟೆ ಕುಗ್ಗಲು ನೋಡುತ್ತದೆ. ಬಟ್ಟೆ ಒಂದು ಕಡೆ ಎಳೆಯುತ್ತದೆ, ಸುಣ್ಣದ ಪದರ ಬಗ್ಗುವುದಿಲ್ಲ, ನಡುವಿನ ಅಂಟು ಕೈ ಬಿಟ್ಟಿದೆ. ಆ ನಾಣ್ಯದಗಲ ಚಕ್ಕೆ ತಳಸಮೇತ ಎದ್ದದ್ದು ಯಾಕೆಂದು ನನಗೆ ಅಲ್ಲಿಗೆ ಅರ್ಥವಾಯಿತು.

ಅಲ್ಲಿನವರಿಗೆ ಶೇ. 85 ಎಂದರೆ ಅಪರೂಪದ ಅಪಘಾತ. ನಮ್ಮಲ್ಲಿ ಅದು ಜೂನ್‌ನಿಂದ ಸೆಪ್ಟೆಂಬರ್ ತನಕದ ದಿನಚರಿ. ಈ ಘಟನೆ ಆದಮೇಲೆ ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಒಂದನ್ನು ತಂದು ಕೋಣೆಗೆ ಹಾಕಿದೆ. ಮಳೆಗಾಲದಲ್ಲಿ ಅದು 90ರಿಂದ ಕೆಳಗೆ ಇಳಿಯುವುದೇ ಕಷ್ಟ. ಅದೇ ಕೋಣೆ ಫೆಬ್ರವರಿ ಮಧ್ಯಾಹ್ನ 40ರ ಆಸುಪಾಸಿಗೆ ಬರುತ್ತದೆ. ಒಂದೇ ಚಿತ್ರ ಒಂದೇ ವರ್ಷದಲ್ಲಿ ಎರಡು ದೇಶ ನೋಡಿದ ಹಾಗೆ.

ಒಣಗುವುದು ಎಂದರೇನು

ನಾಲ್ಕನೆಯದು ಬಣ್ಣ. ಎಣ್ಣೆಬಣ್ಣ ನೀರಿನ ಹಾಗೆ ಆರಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕು ಬೇಕು, ಬೆಚ್ಚಗಿರಬೇಕು, ಗಾಳಿ ಆಡಬೇಕು. ಮುಚ್ಚಿದ ಕಿಟಕಿ, ಕತ್ತಲು, ಥಂಡಿ, ಈ ಮೂರೂ ಸೇರಿದರೆ ಅದು ಒಣಗುವುದನ್ನೇ ಮರೆಯುತ್ತದೆ. ಕತ್ತಲಲ್ಲಿಟ್ಟರೆ ಎಣ್ಣೆ ಹಳದಿಗೂ ತಿರುಗುತ್ತದೆ. ಆ ಹಳದಿ ಮತ್ತೆ ಬೆಳಕಿಗೆ ತಂದರೆ ಸುಮಾರಾಗಿ ಇಳಿಯುತ್ತದೆ. ಹಾಗಾಗಿ ಹೊಸ ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಡುವ ನನ್ನ ಹಳೇ ಅಭ್ಯಾಸವನ್ನು ಬಿಟ್ಟೆ.

ಎಲ್ಲ ಬಣ್ಣ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅಂಬರ್ ಎಂಬ ಕಂದು ಮಣ್ಣಿನ ಬಣ್ಣದಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಎಣ್ಣೆಯನ್ನು ಬೇಗ ಗಟ್ಟಿ ಮಾಡುತ್ತದೆ. ಬೇಸಿಗೆಯಲ್ಲಿ ಒಂದೆರಡು ದಿನ ಸಾಕು. ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಕ್ರಿಮ್ಸನ್ ಇದಕ್ಕೆ ತದ್ವಿರುದ್ಧ, ವಾರಗಟ್ಟಲೆ ಸತಾಯಿಸುತ್ತವೆ. ನಾನು ಕಾಡಿಗೆ ತಳದಲ್ಲೇ ಐವರಿ ಬ್ಲ್ಯಾಕ್ ಹಚ್ಚಿದ್ದೆ, ಅದೂ ಎಣ್ಣೆ ಧಾರಾಳ ಬೆರೆಸಿ. ಕೆಳಗೆ ಒಣಕಲು, ಮೇಲೆ ಜಿಡ್ಡು, ಅಂದರೆ ತಳದ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು ಎಂಬುದು ಎಣ್ಣೆಬಣ್ಣದ ಮೊದಲ ಪಾಠ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟ ಪಾಠ ಅದು. ನನ್ನ ಕೈಯೇ ಅದನ್ನು ಮೀರಿತ್ತು. ಗಾಢ ನೆರಳು ಒಂದೇ ದಿನದಲ್ಲಿ ಬರಲಿ ಎಂಬ ಆಸೆ.

ಈಗ ನೆರಳಿನ ತಳಕ್ಕೆ ಸುಟ್ಟ ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಸೇರಿಸಿ ತೆಳ್ಳಗೆ ಹಚ್ಚುತ್ತೇನೆ. ಆಳವಾದ ಕಪ್ಪು ಬರುತ್ತದೆ, ಸತ್ತ ಕಪ್ಪಲ್ಲ, ಉಸಿರಾಡುವ ಕಪ್ಪು. ಮಳೆಗಾಲದ ಕಾಫಿತೋಟದೊಳಗೆ ಸಂಜೆ ಐದಕ್ಕೆ ಕಾಣುವ ನೆರಳು ಸರಿಯಾಗಿ ಅದೇ.

ಹಾಸನದಲ್ಲಿ ಸಿಕ್ಕ ಇನ್ನೊಂದು ಸಾಕ್ಷಿ

ಆ ದಸರೆಗೆ ಹಾಸನದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಹಾಲಿನಲ್ಲಿ ನನ್ನ ಹತ್ತು ಹನ್ನೆರಡು ವರ್ಷದ ಹಿಂದಿನ ಒಂದು ಚಿತ್ರ ಇದೆ. ಅದೇ ಪಾಕ, ಅದೇ ಕೈ. ಹಾಸನ ಬಯಲಿಗೆ ಹತ್ತಿರ, ಸಕಲೇಶಪುರದ ಮಳೆ ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಇಳಿಸಿ ಹಿಂಬದಿ ನೋಡಿದೆ, ಬೂಷ್ಟಿನ ಸುಳಿವಿಲ್ಲ. "ಅಯ್ಯೋ, ಬಂದವನೇ ಗೋಡೆ ಬಿಚ್ಚೋಕೆ ಶುರು ಮಾಡಿದ್ಯಲ್ಲೋ, ಮೊದ್ಲು ಊಟಕ್ಕೆ ಬಾ" ಎಂದಳು ಅಕ್ಕ. ಊಟ ಆದಮೇಲೆ ಕಿಟಕಿಯ ಹತ್ತಿರ ಓರೆಬೆಳಕಿಗೆ ಹಿಡಿದಾಗ ಕಂಡಿತು. ಮೋಡದಲ್ಲಿ ಕೂದಲೆಳೆಯ ಬಿರುಕುಗಳು. ಬೇರೆ ಕಡೆ ಅಷ್ಟಿಲ್ಲ, ಮೋಡದಲ್ಲೇ.

ಮೋಡಕ್ಕೆ ನಾನು ಬಳಸುತ್ತಿದ್ದದ್ದು ಜಿಂಕ್ ವೈಟ್. ತಣ್ಣನೆಯ, ಪಾರದರ್ಶಕ ಬಿಳಿ. ನಮ್ಮ ಮಂಜಿಗೆ ಹೇಳಿ ಮಾಡಿಸಿದ ಬಿಳಿ ಎಂದುಕೊಂಡಿದ್ದೆ. ಎಣ್ಣೆಯಲ್ಲಿ ಅದು ಎಣ್ಣೆಯ ಆಮ್ಲಗಳ ಜೊತೆ ಸೇರಿ ಒಂದು ಬಗೆಯ ಸಾಬೂನಾಗುತ್ತದೆ, ವರ್ಷ ಕಳೆದಂತೆ ಹಪ್ಪಳದಂತೆ ಪೆಡಸಾಗುತ್ತದೆ. ಮೆಕ್ಲೆನ್‌ಬರ್ಗ್ ಮತ್ತು ಅವರ ಜೊತೆಗಾರರ ಕೆಲಸ ಇದನ್ನೂ ಎತ್ತಿ ತೋರಿಸಿದೆ. ಮೂಡಿಗೆರೆಯ ಆಕಾಶ ಕೆಟ್ಟದ್ದು ಜಿಂಕಿನಿಂದ ಅಲ್ಲ, ಒಂದು ತಿಂಗಳಲ್ಲಿ ಅದು ಆಗುವಂಥದ್ದಲ್ಲ. ಆದರೆ ಆ ಚಿತ್ರ ಮಳೆಯಿಂದ ಪಾರಾಗಿದ್ದರೂ ಹತ್ತು ವರ್ಷಕ್ಕೆ ಇಲ್ಲಿಗೆ ಬಂದು ನಿಲ್ಲುತ್ತಿತ್ತು.

ಟ್ಯೂಬು ತಿರುಗಿಸಿ ಓದುವುದನ್ನು ನಾನು ಆವತ್ತಿನಿಂದ ಕಲಿತೆ. ಮುಂದೆ ದೊಡ್ಡ ಅಕ್ಷರದಲ್ಲಿರುವ ಹೆಸರು ಅಂಗಡಿಗೆ. ಒಳಗಿರುವ ಬಣ್ಣದ ಪುಡಿ ಯಾವುದೆಂದು ಹೇಳುವ ಸಂಕೇತ ಹಿಂದೆ ಇರುತ್ತದೆ. ಸಣ್ಣ ಅಕ್ಷರದಲ್ಲಿ ಪಿಡಬ್ಲ್ಯು 4 ಎಂದಿದ್ದರೆ ಜಿಂಕ್, ಪಿಡಬ್ಲ್ಯು 6 ಎಂದಿದ್ದರೆ ಟೈಟಾನಿಯಂ. ಟೈಟಾನಿಯಂ ವೈಟ್ ಎಂದು ಹೆಸರಿದ್ದರೂ ಹಿಂದೆ ಎರಡೂ ಸಂಖ್ಯೆ ಇರುವುದುಂಟು. ಪಿಆರ್ 83 ಎಂದರೆ ಅಲಿಜರಿನ್. 1868ರಲ್ಲಿ ಜರ್ಮನಿಯ ರಸಾಯನಶಾಸ್ತ್ರಿಗಳು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ ಕೆಂಪು. ಚೆಂದ, ಆದರೆ ಬೆಳಕಿಗೆ ಮಾಸುತ್ತದೆ, ತೆಳ್ಳಗೆ ಹಚ್ಚಿದರೆ ಇನ್ನೂ ಬೇಗ. ಅದರ ಜಾಗಕ್ಕೆ ಕ್ವಿನಾಕ್ರಿಡೋನ್, ಅಂದರೆ ಪಿವಿ 19 ಬಂದಿದೆ. ಟ್ಯೂಬಿನ ಮೇಲೆ 'ಹ್ಯೂ' ಎಂದಿದ್ದರೆ ಹೆಸರಿನ ಬಣ್ಣ ಅದರಲ್ಲಿಲ್ಲ, ಹತ್ತಿರದ ಬೇರೆ ಬಣ್ಣ ಇದೆ ಎಂದರ್ಥ. ಅಭ್ಯಾಸಕ್ಕೆ ಪರವಾಗಿಲ್ಲ. ದುಡ್ಡು ಕೊಟ್ಟವರ ಗೋಡೆಗೆ ಬೇಡ.

ಬಿಳಿ ಸೀಸದ ಬಣ್ಣ ಗಟ್ಟಿ, ಬಾಗುತ್ತದೆ, ಬೇಗ ಒಣಗುತ್ತದೆ ಎಂದು ಹೇಳುವವರಿದ್ದಾರೆ. ನಿಜವೇ. ಆದರೆ ಅದು ವಿಷ. ಮಕ್ಕಳು ಓಡಾಡುವ ಮನೆಗೆ ನಾನು ತರುವುದಿಲ್ಲ, ಅಷ್ಟೇ.

ಆರು ಚೂರು

ಓದಿದ್ದನ್ನು ಹಾಗೇ ನಂಬಿ ಒಮ್ಮೆ ಕೆಟ್ಟಿದ್ದಾಗಿತ್ತು. ಹಾಗಾಗಿ ಈ ಸಲ ನಮ್ಮ ಮಳೆಗೇ ಕೇಳೋಣ ಎನಿಸಿತು. ಮುಂದಿನ ವರ್ಷ ಆರಿದ್ರೆ ಶುರುವಾಗುವ ವಾರ ಒಂದೊಂದು ಅಡಿಯ ಆರು ಚೂರು ಮಾಡಿ ಕೋಣೆಯ ಪಡುವಣ ಗೋಡೆಗೆ ತೂಗುಹಾಕಿದೆ. ಒಂದು ತೊಳೆಯದ ಕೋರಾ, ಸರೇಸು, ಸೀಮೆಸುಣ್ಣ, ಅಂದರೆ ನನ್ನ ಹಳೇ ಪಾಕ. ಇನ್ನೊಂದು ಅದೇ ಪಾಕ, ಬಟ್ಟೆ ಮಾತ್ರ ತೊಳೆದದ್ದು. ಮೂರನೆಯದಕ್ಕೆ ಸರೇಸಿನ ಬದಲು ಬಡಗಿಗಳ ಬಿಳಿ ಅಂಟು. ನಾಲ್ಕನೆಯದು ತೊಳೆದ ಬಟ್ಟೆಯ ಮೇಲೆ ಅಕ್ರಿಲಿಕ್ ಗೆಸ್ಸೊ, ಅಂದರೆ ಬಣ್ಣದ ಕೆಳಗೆ ಹಚ್ಚಲು ಚಿತ್ರಕಾರರಿಗೆಂದೇ ಬರುವ ಬಿಳಿ ತಳ, ಮೂರು ಕೋಟ್. ಐದು, ಅಂಗಡಿಯ ರೆಡಿಮೇಡ್ ಕ್ಯಾನ್ವಾಸ್. ಆರು, ನೀರಿಗೆ ತಡೆಯುವ ಮರೈನ್ ಪ್ಲೈವುಡ್, ಐಎಸ್ 710 ಎಂಬ ಭಾರತೀಯ ಗುಣಮಟ್ಟದ ಮುದ್ರೆ ಅಂಚಿನಲ್ಲಿ ಇರುವಂಥದ್ದು, ಎರಡು ಮುಖಕ್ಕೂ ನಾಲ್ಕು ಅಂಚಿಗೂ ಗೆಸ್ಸೊ. ಎಲ್ಲದರ ಮೇಲೂ ಒಂದೇ ದಿನ ಒಂದೇ ಆರು ಬಣ್ಣದ ಪಟ್ಟಿ ಎಳೆದೆ.

ಹಳೇ ಪಾಕದ ಚೂರು ಎರಡೇ ವಾರಕ್ಕೆ ಹಿಂಬದಿ ಬೂದಿಯಾಯಿತು. ತೊಳೆದ ಬಟ್ಟೆಯದು ಪುಷ್ಯ ಮಳೆ ಮುಗಿಯುವ ತನಕ ತಡೆಯಿತು, ಆಮೇಲೆ ಅದೂ ಹಿಡಿಯಿತು. ಸರೇಸು ಇರುವ ತನಕ ಊಟ ಇದ್ದೇ ಇದೆಯಲ್ಲ. ಬಿಳಿ ಅಂಟಿನ ಚೂರಿಗೆ ಬೂಷ್ಟು ಕಡಿಮೆ, ಆದರೆ ಬೆರಳಲ್ಲಿ ಒತ್ತಿದರೆ ತಳ ರಬ್ಬರಿನ ಹಾಗೆ ಮೆತ್ತಗಾಗಿತ್ತು. ಮರದ ಅಂಟು ನೀರಿಗೆ ಮತ್ತೆ ಮೆತ್ತಗಾಗುವಂಥದ್ದು, ಚಿತ್ರದ ಕೆಳಗೆ ನನಗದು ಬೇಡ ಎನಿಸಿತು. ಅಕ್ರಿಲಿಕ್ ಗೆಸ್ಸೊದ ಚೂರಿನ ಮುಂಭಾಗ ಶುದ್ಧ, ಹಿಂಬದಿ ಗೋಡೆಗೆ ತಾಗಿದ ಒಂದು ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಚುಕ್ಕೆಗಳು. ರೆಡಿಮೇಡ್ ಕ್ಯಾನ್ವಾಸ್ ಬೂಷ್ಟು ತಡೆಯಿತು, ಅದರ ಚೌಕಟ್ಟು ತಡೆಯಲಿಲ್ಲ, ತಿರುಚಿತು. ಪ್ಲೈವುಡ್ ಸೆಪ್ಟೆಂಬರ್ ಕೊನೆಗೂ ತೂಗುಹಾಕಿದ ದಿನದ ಹಾಗೇ ಇತ್ತು.

ಬಣ್ಣದ ಪಟ್ಟಿಗಳಲ್ಲಿ ಅಂಬರ್ ಮಳೆಯಲ್ಲೂ ನಾಲ್ಕೇ ದಿನಕ್ಕೆ ಒಣಗಿತು. ಅಲಿಜರಿನ್ ಒಂದು ತಿಂಗಳಾದರೂ ಬೆರಳಿಗೆ ಹತ್ತುತ್ತಿತ್ತು. ಇನ್ನೊಂದು ಪಟ್ಟಿಯೂ ಬೇಗ ಒಣಗಿ ನನಗೆ ಖುಷಿ ಕೊಟ್ಟಿತು. ಅದು ಕೆಮ್ಮಣ್ಣು.

ಕೆಮ್ಮಣ್ಣುಗುಂಡಿ ಎಂಬ ಹೆಸರೇ ಇರುವ ಜಿಲ್ಲೆಯಲ್ಲಿ ಕೂತು ಕೆಂಪು ಮಣ್ಣನ್ನು ಟ್ಯೂಬಿನಲ್ಲಿ ಕೊಳ್ಳುವುದು ಯಾಕೆ ಎಂದು ಬಹಳ ದಿನದಿಂದ ಅನಿಸುತ್ತಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಆ ಬೆಟ್ಟದಿಂದಲೇ. ಆ ಕೆಂಪೆಲ್ಲ ಕಬ್ಬಿಣದ ಆಕ್ಸೈಡು. ಬಿಸಿಲಿಗೆ ಮಾಸದ, ಸುಣ್ಣಕ್ಕೂ ಹೆದರದ ಬಣ್ಣ. ಬೆಟ್ಟದ ಮಣ್ಣು ನಾನು ಮುಟ್ಟುವುದಿಲ್ಲ. ಪಕ್ಕದ ಮನೆಗೆ ಪಾಯ ತೆಗೆದಾಗ ಎರಡು ಬಕೆಟ್ ಕೇಳಿ ತಂದೆ. ನೀರಲ್ಲಿ ಕಲಕಿ, ಮರಳು ತಳಕ್ಕೆ ಕೂತ ಕೂಡಲೇ ಮೇಲಿನ ಕೆಂಪು ನೀರನ್ನು ಬೇರೆ ಬಕೆಟಿಗೆ ಬಗ್ಗಿಸಬೇಕು. ಹೀಗೆ ಮೂರು ಸಲ. ಕೊನೆಗೆ ಉಳಿಯುವ ಕೆನೆಯಂಥ ಕೆಸರನ್ನು ಒಣಗಿಸಿ, ಗಾಜಿನ ಹಲಗೆಯ ಮೇಲೆ ಅಗಸೆ ಎಣ್ಣೆ ಹನಿ ಹನಿ ಬಿಟ್ಟು ಅರೆದರೆ, ಮೊದಲು ಚರಚರ ಎನ್ನುತ್ತದೆ. ಆ ಸದ್ದು ನಿಂತು ಕೈಗೆ ಬೆಣ್ಣೆ ಅರೆದಂತೆ ಆದಾಗ ಬಣ್ಣ ಆಯಿತು ಎಂದರ್ಥ. ಮಳೆಗಾಲದ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆ ಕೆಲಸ ನನಗೆ ಗೊತ್ತಿಲ್ಲ.

ಈಗಿನ ದಿನ

ಬೆಳಿಗ್ಗೆ ಕೋಣೆಗೆ ಹೋದರೆ ಮೊದಲು ನೋಡುವುದು ತೇವದ ಮೀಟರ್. ಹಳೇ ಡೈರಿಯಲ್ಲಿ ಬರೆದಿಡುತ್ತೇನೆ. 75ಕ್ಕಿಂತ ಮೇಲಿದ್ದರೆ ಆ ದಿನ ಎಣ್ಣೆ ಮುಟ್ಟುವುದಿಲ್ಲ. ಹಾಗೆ ನೋಡಿದರೆ ವರ್ಷವೇ ಎರಡು ಭಾಗವಾಗಿದೆ. ದೀಪಾವಳಿ ಕಳೆದು ಮೇ ತನಕ ಎಣ್ಣೆಬಣ್ಣ. ಮಳೆಗಾಲಕ್ಕೆ ಇದ್ದಿಲಿನ ಚಿತ್ರ, ಬೋರ್ಡಿನ ಮೇಲೆ ಅಕ್ರಿಲಿಕ್, ತಳ ಸಿದ್ಧಮಾಡುವುದು, ಮಣ್ಣು ಅರೆಯುವುದು. ಅಕ್ರಿಲಿಕ್ ತಳದ ಮೇಲೆ ಎಣ್ಣೆ ನಡೆಯುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಡೆಯುವುದಿಲ್ಲ. ಆದ್ದರಿಂದ ಆಗಸ್ಟಿನಲ್ಲಿ ಅಕ್ರಿಲಿಕ್‌ನಲ್ಲಿ ಮಾಡಿಟ್ಟ ತಳಚಿತ್ರ ಡಿಸೆಂಬರಿಗೆ ಕಾದಿರುತ್ತದೆ. ಮೊದಲು ಈ ನಾಲ್ಕು ತಿಂಗಳು ಸುಮ್ನೆ ಕೂತು ಚಡಪಡಿಸುತ್ತಿದ್ದೆ.

ಜಲವರ್ಣದ ಹಾಳೆಗೆ ಮಳೆಗಾಲದಲ್ಲಿ ಬೇರೆಯೇ ರೋಗ. ಹಾಳೆಯ ಮೇಲೆ ಇರುವ ಅಂಟಿನ ಪದರ ತೇವಕ್ಕೆ ಸತ್ತು, ಬಣ್ಣ ಹಚ್ಚಿದರೆ ಬ್ಲಾಟಿಂಗ್ ಪೇಪರಿನ ಹಾಗೆ ಚುಕ್ಕೆ ಚುಕ್ಕೆಯಾಗಿ ಹೀರುತ್ತದೆ. ಹಾಳೆಗಳನ್ನು ಅಜ್ಜಿಯ ತಗಡಿನ ಟ್ರಂಕಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಕಾಳು ಬಣ್ಣ ಬದಲಾಯಿಸಿದರೆ ಅದಕ್ಕೆಂದೇ ಎತ್ತಿಟ್ಟ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಯ ಬಾಣಲೆ ಖಂಡಿತ ಬೇಡ.

ಇನ್ನೊಂದು ಮಾತು, ಎಣ್ಣೆಬಣ್ಣ ಮಾಡುವ ಎಲ್ಲರೂ ತಿಳಿದಿರಬೇಕಾದ್ದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿ ಹುಟ್ಟಿಸುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿ ತಾನೇ ತಾನಾಗಿ ಬೆಂಕಿ ಹತ್ತಬಲ್ಲದು. ನಾನು ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ಟರ್ಪೆಂಟೈನನ್ನೂ ಬಹುಪಾಲು ಬಿಟ್ಟಿದ್ದೇನೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಂಜೆಗೆ ತಲೆ ಸಿಡಿಯುತ್ತಿತ್ತು. ಬ್ರಶ್ಶನ್ನು ಮೊದಲು ಅಡುಗೆ ಎಣ್ಣೆಯಲ್ಲಿ ಅದ್ದಿ ಒರೆಸಿ, ಆಮೇಲೆ ಬಾರ್ ಸೋಪು ಹಚ್ಚಿ ಅಂಗೈಯಲ್ಲಿ ತಿಕ್ಕಿದರೆ ಚೆನ್ನಾಗಿಯೇ ಹೋಗುತ್ತದೆ.

ಗೌಡರ ಎರಡನೇ ಚಿತ್ರ

ಗೌಡರಿಗೆ ಕೊಟ್ಟ ಮಾತಿಗೆ ಆರು ಚೂರಿನ ಫಲಿತಾಂಶ ಕಾಯುವಷ್ಟು ಸಮಯ ಬೇಕೆಂದು ಕೇಳಿಕೊಂಡೆ. ಅವರು ಒಪ್ಪಿದರು. 8×4 ಅಡಿಯ ಪ್ಲೈವುಡ್ ಹಾಳೆಯಲ್ಲಿ 5×4 ತೆಗೆದು, ಹಿಂದೆ ಆಚಾರ್ರ ಕೈಯಲ್ಲಿ ಹಳೇ ಸಾಗುವಾನಿಯ ಪಟ್ಟಿ ಹಾಕಿಸಿದೆ. ಭಾರ ಜಾಸ್ತಿ, ಇಬ್ಬರು ಎತ್ತಬೇಕು. ತೆಳ್ಳನೆಯ ತೊಳೆದ ಬಟ್ಟೆಯನ್ನು ಗೆಸ್ಸೊದಿಂದಲೇ ಅದರ ಮೇಲೆ ಅಂಟಿಸಿದೆ. ನೇಯ್ಗೆಯ ಮೈ ಇಲ್ಲದೆ ನನಗೆ ಬ್ರಶ್ ಓಡುವುದಿಲ್ಲ. ಡಿಸೆಂಬರಿನಲ್ಲಿ ಕೈಮರಕ್ಕೆ ಮತ್ತೆ ಹೋಗಿ ನಾಲ್ಕು ಸ್ಕೆಚ್ ಮಾಡಿ ಬಂದೆ. ಮುಳ್ಳಯ್ಯನಗಿರಿ, 1,930 ಮೀಟರಿನ ಅಷ್ಟೂ ಎತ್ತರ, ಆವತ್ತು ಮಂಜಿನಲ್ಲಿ ಇರಲೇ ಇಲ್ಲ. ಫೆಬ್ರವರಿ ಮೊದಲ ವಾರಕ್ಕೆ ಕೆಲಸ ಮುಗಿಯಿತು. ಆಕಾಶಕ್ಕೆ ಜಿಂಕ್ ಇಲ್ಲದ ಟೈಟಾನಿಯಂ, ಅದಕ್ಕೆ ಚಿಟಿಕೆ ಅಂಬರ್. ಬೆಟ್ಟದ ಅಂಚಿಗೆ ಕಡುಗೆಂಪಿನ ಬದಲು ಅರೆದ ಕೆಮ್ಮಣ್ಣು. ಎರಡು ತಿಂಗಳು ಕಿಟಕಿಯ ಬೆಳಕಿನಲ್ಲೇ ಒಣಗಲು ಬಿಟ್ಟು ಏಪ್ರಿಲ್‌ನಲ್ಲಿ ಕೊಟ್ಟೆ.

ಈ ಸಲ ಮೊದಲು ಗೋಡೆಗಳನ್ನು ಅಂಗೈಯಿಂದ ಮುಟ್ಟುತ್ತಾ ಹಾಲಿಡೀ ಸುತ್ತಿದೆ. ಅಡುಗೆಮನೆಗೆ ಅಂಟಿದ ಒಳಗೋಡೆ ಬೆಚ್ಚಗಿತ್ತು. ಅಲ್ಲೇ ಹಾಕಿದೆವು. ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ ಗೋಡೆಗೂ ಚಿತ್ರಕ್ಕೂ ಒಂದು ಬೆರಳು ಸಂದು ಬಿಟ್ಟೆ.

ಮಘೆ ಮಳೆಯಲ್ಲಿ ಹೋಗಿ ಇಳಿಸಿ ನೋಡಿದೆವು. ಮುಂದೆ ಏನೂ ಇಲ್ಲ. ಹಿಂದೆ, ಕೆಳಗಿನ ಎಡ ಬಿರಡೆಯ ಸುತ್ತ ಉಗುರಿನಷ್ಟು ಬೂದಿ. ಬಿರಡೆ ಅಂಟಿಸಲು ನಾನು ಬಳಸಿದ್ದು ಅದೇ ಬಡಗಿಗಳ ಬಿಳಿ ಅಂಟು. ಕೆರೆದು ತೆಗೆದು, ಬಿರಡೆಗೆ ಸಣ್ಣ ಸ್ಟೀಲ್ ಸ್ಕ್ರೂ ಹಾಕಿದೆ. ಗೌಡರು ಟಾರ್ಚ್ ಹಿಡಿದು ಇಡೀ ಹಿಂಬದಿಯನ್ನು ನನಗಿಂತ ನಿಧಾನವಾಗಿ ನೋಡಿದರು. ಆಮೇಲೆ ತೇವದ ಮೀಟರ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು, ಹಾಲಿಗೊಂದು ಹಾಕಬೇಕಂತೆ. ಈ ಆರಿದ್ರೆಗೆ ಮತ್ತೆ ಇಳಿಸಿ ನೋಡೋಣ ಎಂದು ಮಾತಾಗಿದೆ.